ಬಣ್ಣಕ್ಕೆಂದೇ ಆರಿಸಿದ ಆರು ಚಿತ್ರ, ಪ್ರಿಂಟ್ ತೆಗೆದರೆ ಸಪ್ಪೆ

ನೀಲಿಕುಂಚ:
ಕಥೆ, ಕಾಲ, ಪಂಥ ಯಾವುದನ್ನೂ ನೋಡದೆ ಬರೀ ಬಣ್ಣದ ಮೋಹಕ್ಕೆ ಆರು ಚಿತ್ರ ಆರಿಸಿದ್ದೇನೆ. ಟಿಷನ್‌ನ ‘ಬ್ಯಾಕಸ್ ಮತ್ತು ಅರಿಯಾಡ್ನೆ’ (1520–23), ಮೊನೆಯ ‘ಇಂಪ್ರೆಷನ್, ಸೂರ್ಯೋದಯ’ (1872), ವ್ಯಾನ್ ಗೋನ ‘ಬೆಡ್‌ರೂಮ್’ (1888), ಮತೀಸ್‌ನ ‘ರೆಡ್ ಸ್ಟುಡಿಯೋ’ (1911), ಆಲ್ಬರ್ಸ್‌ನ ಚೌಕಗಳ ಸರಣಿಯಿಂದ ಒಂದು ಹಳದಿ, ಈವ್ ಕ್ಲೈನ್‌ನ ಬರೀ ನೀಲಿ ಹಲಗೆ. ಎ3 ಅಳತೆಯಲ್ಲಿ ಪ್ರಿಂಟ್ ಮಾಡಿಸಿ ಒಂದೇ ಗೋಡೆಗೆ ಹಾಕಬೇಕು. ಆದರೆ ಪರದೆಯ ಮೇಲಿನ ನೀಲಿ ಕಾಗದಕ್ಕಿಳಿದರೆ ನೇರಳೆ ಹೊಡೆಯುತ್ತದೆ. ಮೊನೆಯ ಸೂರ್ಯ ಹೊಳೆಯುವುದೇ ಇಲ್ಲ. ಸ್ಯಾಚುರೇಶನ್ (ಬಣ್ಣದ ಗಾಢತೆ) +30 ಕೊಟ್ಟರೆ ಇನ್ನೂ ಕೆಟ್ಟಿತು. ಎಲ್ಲಿ ತಪ್ಪುತ್ತಿದೆ?

ಮಸಿದೌತಿ:
ಮೊದಲು ಆ +30 ತೆಗೆಯಿರಿ. ಮುದ್ರಣ ಶಾಯಿಗೆ ಎಟುಕದ ಬಣ್ಣವನ್ನು ಇನ್ನಷ್ಟು ಎಳೆದರೆ ಅರಿಯಾಡ್ನೆಯ ನೀಲಿ ಬಟ್ಟೆಯ ಮಡಿಕೆಗಳೆಲ್ಲ ಕೂಡಿಕೊಂಡು ಒಂದೇ ಚಪ್ಪಟೆ ತೇಪೆಯಾಗುತ್ತವೆ. ಸಿಎಂವೈಕೆಯಲ್ಲಿ, ಅಂದರೆ ಸಯಾನ್ (ತಿಳಿನೀಲಿ), ಮಜೆಂಟಾ (ಗುಲಾಬಿಗೆಂಪು), ಹಳದಿ, ಕಪ್ಪು ಎಂಬ ನಾಲ್ಕು ಶಾಯಿಗಳ ಮುದ್ರಣದಲ್ಲಿ, ನೀಲಿ ಅಂದರೆ ಸಯಾನ್ ಮೇಲೆ ಮಜೆಂಟಾ. ಎರಡೂ ಸಮಸಮ ಬಂದರೆ ಕಣ್ಣಿಗೆ ಕಾಣುವುದು ನೇರಳೆಯೇ. ಎರಡರ ನಡುವೆ ಕನಿಷ್ಠ ಶೇಕಡಾ 30ರ ಅಂತರ ಇರಲಿ: ಸಯಾನ್ 100 ಇದ್ದರೆ ಮಜೆಂಟಾ 70 ದಾಟದಿರಲಿ. ಕಿತ್ತಳೆ, ವಯಲೆಟ್ ಶಾಯಿಗಳೂ ಇರುವ ಇಂಕ್‌ಜೆಟ್ ಸಿಕ್ಕರೆ ಈ ತಿದ್ದುಪಡಿ ಬೇಡ. ಫೈಲನ್ನು ಆರ್‌ಜಿಬಿಯಲ್ಲೇ (ಪರದೆಯ ಕೆಂಪು-ಹಸಿರು-ನೀಲಿ ಲೆಕ್ಕ) ಕೊಡಿ, ಪ್ರೊಫೈಲ್ (ಯಾವ ಸಂಖ್ಯೆ ಯಾವ ಬಣ್ಣ ಎಂದು ಹೇಳುವ ಮಾಹಿತಿ) ಕಿತ್ತುಹಾಕಬೇಡಿ.

ಪರದೆಯ ಹೊಳಪನ್ನೂ ನೋಡಿಕೊಳ್ಳಿ. ಬಿಳಿಯ ಛಾಯೆ 6500 ಕೆಲ್ವಿನ್, ಹೊಳಪು ಸುಮಾರು 100–120 ನಿಟ್ಸ್ ಸಾಕು. ಪೂರ್ತಿ ಹೊಳಪಿನ ಪರದೆಗೆ ಹೋಲಿಸಿದರೆ ಯಾವ ಕಾಗದವೂ ಮಂಕೇ.

ಟಿಷನ್ ಚಿತ್ರಕ್ಕೆ ಹಳೆಯ ಪುಸ್ತಕದ ಸ್ಕ್ಯಾನ್ ಬಳಸಬೇಡಿ. 1967–69ರಲ್ಲಿ ಅದರ ಹಳದಿಗಟ್ಟಿದ ವಾರ್ನಿಶ್ ತೆಗೆದರು. ಆಗ ಹೊರಬಂದ ನೀಲಿ ಅತಿಯಾಯಿತೆಂದು ಜಗಳವೂ ನಡೆಯಿತು. ಅದಕ್ಕೂ ಹಿಂದಿನ ಮುದ್ರಣಗಳಲ್ಲಿ ಆಕಾಶ ಹಸಿರುಹಸಿರು.

ಬೂದುಬಣ್ಣ:
ಮೊನೆಯದು ಶಾಯಿಯ ಸಮಸ್ಯೆಯಲ್ಲ. ಆ ಸೂರ್ಯನಿಗೂ ಸುತ್ತಲಿನ ಬೂದುನೀಲಿ ಆಕಾಶಕ್ಕೂ ಬೆಳಕಿನ ಮಟ್ಟ ಹೆಚ್ಚುಕಡಿಮೆ ಒಂದೇ. ಬಣ್ಣ ಬೇರೆ, ಬೆಳಕು ಅದೇ. ಅದಕ್ಕೇ ಅದು ಕಣ್ಣಲ್ಲಿ ನಿಲ್ಲದೆ ಮಿಡಿಯುತ್ತದೆ. ‘ಆಟೋ ಕಾಂಟ್ರಾಸ್ಟ್’ ಒತ್ತಿದ ಕ್ಷಣ ಸೂರ್ಯ ಆಕಾಶಕ್ಕಿಂತ ಬೆಳ್ಳಗಾಗುತ್ತಾನೆ, ಮಿಡಿತ ಹೋಯಿತು. ಪರೀಕ್ಷೆ ಸುಲಭ: ಫೈಲನ್ನು ಲ್ಯಾಬ್ ಮೋಡ್‌ಗೆ (ಬೆಳಕು, ಬಣ್ಣ ಬೇರೆಬೇರೆ ಇಡುವ ವಿಧಾನ) ತಂದು ಎಲ್ ಚಾನೆಲ್, ಅಂದರೆ ಬೆಳಕಿನ ಪದರ ಒಂದನ್ನೇ ನೋಡಿ. ಸೂರ್ಯ ಬಹುತೇಕ ಕರಗಿಹೋದರೆ ಫೈಲ್ ಸರಿ. ಬಣ್ಣ ತೆಗೆಯುವ ‘ಡಿಸ್ಯಾಚುರೇಟ್’ ಗುಂಡಿ ನಂಬಬೇಡಿ, ಅದು ಕಣ್ಣಿನ ಲೆಕ್ಕ ಹಾಕುವುದಿಲ್ಲ.

ಆರೂ ಚಿತ್ರಗಳನ್ನು ಹೀಗೆ ಎಲ್ ಚಾನೆಲ್‌ನಲ್ಲಿ ನೋಡಿ. ಇನ್ನೊಂದು: ಬೂದು ರಟ್ಟಿನಲ್ಲಿ ಒಂದು ಸೆಂಟಿಮೀಟರಿನ ಎರಡು ತೂತು ಮಾಡಿ ಪ್ರಿಂಟ್ ಮೇಲಿಡಿ. ಒಂದರಲ್ಲಿ ಸೂರ್ಯ, ಒಂದರಲ್ಲಿ ನೀರು. ಬಿಡಿಬಿಡಿಯಾಗಿ ನೋಡಿದರೆ ನೀರು ಎಂಥ ಪೇಲವ ಬೂದು ಅಂತ ಗೊತ್ತಾಗುತ್ತದೆ. ಆ ಬೂದು ಇಲ್ಲದಿದ್ದರೆ ಆ ಕಿತ್ತಳೆಗೆ ಬೆಲೆಯೇ ಇಲ್ಲ. ಇಡೀ ಪಟ್ಟಿಯಲ್ಲಿ ಬಣ್ಣ ಬಲ್ಲ ಚಿತ್ರ ನನ್ನ ಪ್ರಕಾರ ಇದೊಂದೇ, ಉಳಿದವು ಬಣ್ಣ ಇರುವ ಚಿತ್ರಗಳು. ಬೈದುಕೊಳ್ಳಿ ಬೇಕಾದರೆ.

ಹಳದಿಎಲೆ:
ಬೈಯುತ್ತೇನೆ! ‘ರೆಡ್ ಸ್ಟುಡಿಯೋ’ದ ಮೇಜು ಕುರ್ಚಿಗಳ ಗೆರೆ ಹತ್ತಿರದಿಂದ ನೋಡಿ. ಅವು ಎಳೆದ ಗೆರೆಗಳಲ್ಲ, ಕೆಂಪು ಬಳಿಯುವಾಗ ಬಿಟ್ಟ ಸಂದುಗಳು. ಕೆಳಗಿನ ಹಳೆಯ ಬಣ್ಣ ಅಲ್ಲಿಂದ ಇಣುಕುತ್ತದೆ. ಬಣ್ಣ ಬಲ್ಲವನೇ ಹಾಗೆ ಬಿಡುವುದು. ಫೈಲ್ ಚಿಕ್ಕದಿದ್ದು ಶಾರ್ಪನ್ ಮಾಡಿದರೆ ಈ ಸಂದುಗಳೇ ಪೆನ್ನಿನ ಗೆರೆಯಂತೆ ಕಾಣುತ್ತವೆ. ಎ3ಗೆ 300 ಪಿಪಿಐ (ಇಂಚಿಗೆ 300 ಪಿಕ್ಸೆಲ್) ಅಂದರೆ 3508×4961 ಪಿಕ್ಸೆಲ್. ಅದಕ್ಕಿಂತ ಕಡಿಮೆಯಿದ್ದರೆ ಪ್ರಿಂಟ್ ಚಿಕ್ಕದು ಮಾಡಿ.

‘ಬೆಡ್‌ರೂಮ್’ ತಿದ್ದಲು ಹೋಗಬೇಡಿ. ಗೋಡೆ ತಿಳಿ ನೇರಳೆ ಅಂತ ವ್ಯಾನ್ ಗೋ ಪತ್ರದಲ್ಲೇ ಬರೆದಿದ್ದಾನೆ. ಅದರಲ್ಲಿದ್ದ ಕೆಂಪು ಬೆಳಕಿಗೆ ಮಾಸಿ ನೀಲಿಯಷ್ಟೇ ಉಳಿದಿದೆ. ನೀವು ಮೆಚ್ಚಿದ ನೀಲಿ ಅರ್ಧ ಅವನದು, ಅರ್ಧ ಕಾಲದ್ದು.

ಗೋಡೆಯ ಮೇಲೆ ಅದನ್ನು ಮತೀಸ್ ಪಕ್ಕ ಹಾಕಬೇಡಿ. ಅರ್ಧ ನಿಮಿಷ ಕೆಂಪು ನೋಡಿದ ಕಣ್ಣಿಗೆ ಮುಂದಿನದೆಲ್ಲ ಹಸಿರುಗಟ್ಟಿ ಕಾಣುತ್ತದೆ. ನಡುವೆ ಒಂದಡಿಯಾದರೂ ಖಾಲಿ ಬೂದು ಗೋಡೆ ಬೇಕು. ದೀಪ 5000 ಕೆಲ್ವಿನ್, ಸಿಆರ್‌ಐ (ಬಣ್ಣವನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಎಂಬ ಅಂಕ) 95ರದ್ದು. ಕೆಂಪು ಕಡಿಮೆಯಿರುವ ಅಗ್ಗದ ಎಲ್‌ಇಡಿಯಡಿ ಮತೀಸ್ ಇಟ್ಟಿಗೆಯಂತೆ ಕಂದುತ್ತಾನೆ.

ನೀಲಿಕುಂಚ:
ಎಲ್ ಚಾನೆಲ್ ನೋಡಿದೆ, ಸೂರ್ಯ ಎದ್ದು ಕಾಣುತ್ತಿದೆ, ಅಂದರೆ ಫೈಲೇ ಕೆಟ್ಟದು. ಬೇರೆ ಹುಡುಕುತ್ತೇನೆ. ಕ್ಲೈನ್ ಬಗ್ಗೆ ಯಾರೂ ಹೇಳಲಿಲ್ಲ?

ಮಸಿದೌತಿ:
ಅದನ್ನು ಪ್ರಿಂಟ್ ಮಾಡಬೇಡಿ, ಬಳಿಯಿರಿ. ಅಲ್ಟ್ರಾಮರೀನ್ ಪುಡಿ ಎಣ್ಣೆಯಲ್ಲಿ ನೆನೆದರೆ ಕಪ್ಪುಗಟ್ಟುತ್ತದೆ. ಕ್ಲೈನ್ ಅದಕ್ಕೇ ಎಣ್ಣೆ ಬಿಟ್ಟು ಕಡಿಮೆ ರಾಳದಲ್ಲಿ ಪುಡಿಯನ್ನು ಹಿಡಿದಿಟ್ಟ, ಕಣಗಳು ಒಣಪುಡಿಯಂತೆಯೇ ತೆರೆದುಕೊಂಡಿವೆ. ನೀವು ಎರಡು ಅಳತೆ ಪುಡಿಗೆ ಒಂದು ಅಳತೆ ಮ್ಯಾಟ್ ಅಕ್ರಿಲಿಕ್ ಮೀಡಿಯಂ, ಹದಕ್ಕೆ ತಕ್ಕಷ್ಟು ನೀರು ಸೇರಿಸಿ ಶುರುಮಾಡಿ. ಬಿಳಿ ಪ್ರೈಮರ್ ಹಚ್ಚಿದ ಹಲಗೆಗೆ ಸ್ಪಂಜಿನ ರೋಲರ್‌ನಲ್ಲಿ ತೆಳ್ಳಗೆ ಮೂರು ಕೈ. ಒಣಗಿದ ಮೇಲೆ ಬೆರಳಿಗೆ ಪುಡಿ ಅಂಟಿದರೆ ಮೀಡಿಯಂ ಸಾಲದು, ಕಪ್ಪಾದರೆ ಹೆಚ್ಚಾಯಿತು. ಪುಡಿ ಕಲಸುವಾಗ ಮಾಸ್ಕ್ ಹಾಕಿ. ವಾರ್ನಿಶ್ ಮಾತ್ರ ಹೊಡೆಯಬೇಡಿ, ಮತ್ತೆ ಅದೇ ಕಪ್ಪು.