ಈಜುಕೊಳದ ಪಂಪಿಗೆ ವೇಗ ನಿಯಂತ್ರಣ: ಕರೆಂಟ್ ಖರ್ಚಿನ ಪ್ರಶ್ನೋತ್ತರ

ವೈಟ್‌ಫೀಲ್ಡ್ ಸದಸ್ಯರು: ನಮಸ್ಕಾರ ಸರ್. ನಮ್ಮ ಅಪಾರ್ಟ್‌ಮೆಂಟಿನ ಕೊಳ 15 ಮೀಟರ್ ಉದ್ದ, 7 ಮೀಟರ್ ಅಗಲ, ಸರಾಸರಿ 1.2 ಮೀಟರ್ ಆಳವಿದೆ. 2 ಎಚ್‌ಪಿ ಪಂಪು ದಿನಕ್ಕೆ 12 ಗಂಟೆ ಓಡುತ್ತದೆ. ವೇಗ ಬದಲಿಸಬಹುದಾದ ಪಂಪು ಹಾಕಿಸಿದರೆ ಬಿಲ್ ನಿಜವಾಗಿಯೂ ಇಳಿಯುತ್ತದೆಯೇ?

ಪಂಪ್ ಎಂಜಿನಿಯರ್: ಇಳಿಯುತ್ತದೆ. ನಿಮ್ಮಲ್ಲಿರುವುದು 1,26,000 ಲೀಟರ್ ನೀರು. ಈಗಿನ ಪಂಪು ಗಂಟೆಗೆ 21,000 ಲೀಟರ್ ಹರಿಸುತ್ತಾ 1.9 ಕಿಲೋವ್ಯಾಟ್ ಎಳೆಯುತ್ತದೆ ಎಂದು ಹಿಡಿದರೆ ದಿನಕ್ಕೆ ಸುಮಾರು 23 ಯೂನಿಟ್ ಆಗುತ್ತದೆ. ವೇಗ ಅರ್ಧವಾದರೆ ಹರಿವೂ ಅರ್ಧವಾಗುತ್ತದೆ. ಆದರೆ ಶಕ್ತಿಯ ಬೇಡಿಕೆ ವೇಗದ ಘನಕ್ಕೆ ತಕ್ಕಂತೆ ಕುಗ್ಗುವುದರಿಂದ ಲೆಕ್ಕದ ಪ್ರಕಾರ ಎಂಟನೇ ಒಂದು ಭಾಗ ಸಾಕು. ಮೋಟಾರು ಮತ್ತು ಅದರ ವೇಗ ಬದಲಿಸುವ ಉಪಕರಣವಾದ ಡ್ರೈವ್, ಇವೆರಡರ ನಷ್ಟ ಸೇರಿ 0.35 ಕಿಲೋವ್ಯಾಟ್ ಎಂದಿಟ್ಟುಕೊಳ್ಳಿ. ಅಷ್ಟೇ ನೀರು ಸೋಸಲು 24 ಗಂಟೆ ಓಡಿಸಿದರೂ 8.4 ಯೂನಿಟ್ ಮಾತ್ರ. ಯೂನಿಟ್ಟಿಗೆ 8 ರೂಪಾಯಿಯಂತೆ ತಿಂಗಳಿಗೆ 5,500 ರೂಪಾಯಿಯ ಖರ್ಚು 2,000ದ ಆಸುಪಾಸಿಗೆ ಬರುತ್ತದೆ. ಮಹಡಿಯ ಟ್ಯಾಂಕಿಗೆ ನೀರೇರಿಸುವ ಪಂಪಿಗೆ ಈ ಲೆಕ್ಕವನ್ನು ಅನ್ವಯಿಸಬೇಡಿ. ಕೊಳದ ನೀರು ಇದ್ದಲ್ಲಿಯೇ ಸುತ್ತುವುದರಿಂದ ಪೈಪು, ಫಿಲ್ಟರುಗಳ ತಡೆಯನ್ನಷ್ಟೇ ಗೆಲ್ಲಬೇಕಾಗುತ್ತದೆ.

ಮೈಸೂರಿನ ಸದಸ್ಯರು: ಪ್ಲಗ್ಗಿಗೆ ಸಿಕ್ಕಿಸುವ ಪೆಟ್ಟಿಗೆಯೊಂದು ಬಿಲ್ಲನ್ನು 40 ಶೇಕಡಾ ಇಳಿಸುತ್ತದೆ ಎಂಬ ಸಂದೇಶ ಬಂದಿದೆ. ಅದನ್ನು ಪಂಪಿಗೆ ಹಾಕಬಹುದೇ?

ಪಂಪ್ ಎಂಜಿನಿಯರ್: ಬೇಡ. ಅದರೊಳಗೆ ಸಾಮಾನ್ಯವಾಗಿ ಇರುವುದು ಒಂದು ಸಣ್ಣ ಕೆಪಾಸಿಟರ್. ಅದರಿಂದ ಪಂಪು ಬಳಸುವ ಯೂನಿಟ್ ಕಡಿಮೆಯಾಗುವುದಿಲ್ಲ. ಡ್ರೈವಿಗೂ ಮೋಟಾರಿಗೂ ನಡುವೆ ಕೆಪಾಸಿಟರ್ ಸೇರಿಸಿದರಂತೂ ಡ್ರೈವೇ ಸುಟ್ಟುಹೋಗಬಹುದು.

ಮಂಗಳೂರಿನ ಸದಸ್ಯರು: ನಾವು ಹಳೆಯ ಪಂಪಿಗೇ ಡ್ರೈವ್ ಜೋಡಿಸಿದೆವು. ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸುರಕ್ಷಾ ಸ್ವಿಚ್ಚು, ಅಂದರೆ ಆರ್‌ಸಿಸಿಬಿ, ದಿನಕ್ಕೆ ಮೂರು ಸಲ ಬೀಳುತ್ತಿತ್ತು. ಎಲೆಕ್ಟ್ರಿಷಿಯನ್ ಅದನ್ನು ಬೈಪಾಸ್ ಮಾಡಿದ ಮೇಲೆ ತೊಂದರೆಯಿಲ್ಲ, ಬಿಲ್ಲೂ ಇಳಿದಿದೆ.

ಪಂಪ್ ಎಂಜಿನಿಯರ್: ದಯವಿಟ್ಟು ಈಗಲೇ ಪಂಪಿನ ಮೇನ್ ಆಫ್ ಮಾಡಿಸಿ, ಯಾರನ್ನೂ ನೀರಿಗಿಳಿಸಬೇಡಿ. ಡ್ರೈವಿನೊಳಗಿನ ವಿದ್ಯುತ್ ಫಿಲ್ಟರಿನಿಂದ ಅರ್ತಿಗೆ ಸ್ವಲ್ಪ ಕರೆಂಟ್ ಸದಾ ಸೋರುತ್ತಿರುವುದರಿಂದ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಕಾರಣವಿಲ್ಲದೆಯೂ ಬೀಳಬಹುದು, ನಿಜ. ಆದರೆ ಮೋಟಾರಿನ ವೈಂಡಿಂಗಿಗೆ (ಒಳಗಿನ ತಂತಿ ಸುರುಳಿಗೆ) ತೇವ ತಾಕಿದ್ದರೂ ಅದು ಹೀಗೆಯೇ ಬೀಳುತ್ತದೆ. ಡ್ರೈವಿನ ವೋಲ್ಟೇಜ್ ಏಟುಗಳಿಗೆ ಹಳೆಯ ವೈಂಡಿಂಗಿನ ಇನ್ಸುಲೇಷನ್ ಬೇಗ ಸವೆಯುವುದರಿಂದ ನಿಮ್ಮ ಪಂಪಿನ ವಿಷಯದಲ್ಲಿ ಎರಡನೆಯದೇ ನನಗೆ ಹೆಚ್ಚು ಭಯ. ಮೊದಲು ಡ್ರೈವ್ ಬಿಚ್ಚಿ ಮೋಟಾರನ್ನು ಇನ್ಸುಲೇಷನ್ ಅಳೆಯುವ ಮೆಗ್ಗರಿನಿಂದ ಪರೀಕ್ಷಿಸಿ, ಸೋರಿಕೆಯನ್ನು ಅಳೆಸಿ. ಪಂಪಿಗೆ ಪ್ರತ್ಯೇಕ ಸರ್ಕ್ಯೂಟ್ ಎಳೆದು, ಡ್ರೈವ್ ತಯಾರಕರು ಸೂಚಿಸಿದ ವರ್ಗದ ಆರ್‌ಸಿಸಿಬಿ ಹಾಕಿಸಿ. ಮೂರು ಫೇಸಿನ ಡ್ರೈವಾದರೆ ಸಾಮಾನ್ಯವಾಗಿ ಬಿ ಟೈಪ್ ಬೇಕಾಗುತ್ತದೆ. ಪ್ಯಾನಲ್ಲಿನ ಮತ್ತು ಪಂಪಿನ ಟರ್ಮಿನಲ್ ಪೆಟ್ಟಿಗೆಯ ಫೋಟೋ ಕಳಿಸಿ.

ಯಲಹಂಕದ ಸದಸ್ಯರು: ಅರ್ಧ ವೇಗದಲ್ಲಿ ಮರಳಿನ ಫಿಲ್ಟರ್ ಏನನ್ನೂ ಹಿಡಿಯುವುದಿಲ್ಲ. ವೈಟ್‌ಫೀಲ್ಡಿನವರು ದುಡ್ಡು ಕಳೆದುಕೊಳ್ಳುತ್ತಾರೆ.

ಡಲ್ಲಾಸ್ ಸದಸ್ಯರು: ಅಮೆರಿಕದಲ್ಲಿ 2021ರ ಜುಲೈನಿಂದ ಜಾರಿಯಾದ ದಕ್ಷತೆಯ ನಿಯಮದಿಂದಾಗಿ ಹೊಸ ಪಂಪುಗಳಲ್ಲಿ ಹೆಚ್ಚಿನವು ಇದೇ ಬಗೆಯವು. ನಮ್ಮ ಮನೆಯ ಕೊಳ ಶುದ್ಧವಾಗಿಯೇ ಇದೆ.

ಯಲಹಂಕದ ಸದಸ್ಯರು: ನಾಲ್ಕು ಜನರ ಮನೆಯ ಕೊಳಕ್ಕೂ ಇನ್ನೂರು ಮನೆಗಳ ಕೊಳಕ್ಕೂ ಹೋಲಿಕೆ ಮಾಡಬೇಡಿ. ಇಲ್ಲಿನ ಧೂಳು ನಿಮಗೆ ಗೊತ್ತಿಲ್ಲ.

ಡಲ್ಲಾಸ್ ಸದಸ್ಯರು: ನಾನು ಇಪ್ಪತ್ತು ವರ್ಷ ಬೆಂಗಳೂರಿನಲ್ಲಿಯೇ ಇದ್ದವನು. ಪಂಪಿನ ಬಗ್ಗೆ ಗೊತ್ತಿದ್ದರೆ ಹೇಳಿ.

ಪಂಪ್ ಎಂಜಿನಿಯರ್: ನಿಧಾನ ಹರಿವಿನಲ್ಲಿ ಮರಳು ಸಣ್ಣ ಕಣಗಳನ್ನು ಇನ್ನೂ ಚೆನ್ನಾಗಿ ಹಿಡಿಯುತ್ತದೆ. ನೀರನ್ನು ಹಿಮ್ಮುಖವಾಗಿ ಹರಿಸಿ ಫಿಲ್ಟರ್ ತೊಳೆಯುವ ಬ್ಯಾಕ್‌ವಾಶಿಗೆ ಮಾತ್ರ ಪೂರ್ಣ ವೇಗ ಬೇಕು. ಮೇಲೆ ತೇಲುವ ಎಲೆ, ಎಣ್ಣೆ ಎಳೆಯಲು ದಿನಕ್ಕೆ ಒಂದೆರಡು ಗಂಟೆ ವೇಗ ಏರಿಸಿ. ಜನ ಹೆಚ್ಚು ಈಜುವ ಹೊತ್ತಿನಲ್ಲಿಯೂ ಏರಿಸಬೇಕು. ಯಲಹಂಕದವರ ಆತಂಕದಲ್ಲಿ ಅಷ್ಟು ಸತ್ಯವಿದೆ.

ಹುಬ್ಬಳ್ಳಿಯ ಸದಸ್ಯರು: ನೀರು ಬಿಸಿ ಮಾಡುವ ಹೀಟ್ ಪಂಪಿಗೆ ಕನಿಷ್ಠ ಎಷ್ಟು ಹರಿವು ಬೇಕು ಸರ್?

ಶಿವಮೊಗ್ಗದ ಸದಸ್ಯರು: ಇಂಥ ಪಂಪಿನಿಂದ ಬಿಲ್ ಇಳಿಯುತ್ತದೆಯೇ ಸರ್?

ಪಂಪ್ ಎಂಜಿನಿಯರ್: ಮೊದಲ ಉತ್ತರ ಓದಿ.

ಮೈಸೂರಿನ ಸದಸ್ಯರು: ಆ ಪೆಟ್ಟಿಗೆಯಿಂದ ನಮ್ಮ ಸಂಬಂಧಿಕರೊಬ್ಬರಿಗೆ ಉಳಿತಾಯವಾಗಿದೆಯಂತೆ.

ಪಂಪ್ ಎಂಜಿನಿಯರ್: ಬೇಡವೆಂದು ಹೇಳಿದ್ದೇನೆ. ಕರೆಂಟಿಗೂ ನೀರಿಗೂ ಸಂಬಂಧಿಸಿದ ಇಂಥ ಸಂದೇಶಗಳನ್ನು ಇಲ್ಲಿ ಹಾಕಬೇಡಿ. ಮಂಗಳೂರಿನವರು ಎಲ್ಲಿದ್ದೀರಿ?

ಮಂಗಳೂರಿನ ಸದಸ್ಯರು: ಫೋಟೋ ಹಾಕಿದ್ದೇನೆ ಸರ್. ಸಂಜೆ ಐದಕ್ಕೆ ಮಕ್ಕಳ ತರಗತಿಯಿದೆ, ಅದೊಂದು ಮುಗಿಸಿ ಆಫ್ ಮಾಡಬಹುದೇ?

ಪಂಪ್ ಎಂಜಿನಿಯರ್: ಕೂಡದು. ನಿಮ್ಮ ಎರಡನೆಯ ಫೋಟೋದಲ್ಲಿ ಹಸಿರು ತಂತಿಯನ್ನು ಕತ್ತರಿಸಿ, ತುದಿಗೆ ಕಪ್ಪು ಟೇಪ್ ಸುತ್ತಿ, ಪೆಟ್ಟಿಗೆಯ ಮೂಲೆಗೆ ಮಡಚಿಟ್ಟಿರುವುದು ಕಾಣುತ್ತಿದೆ. ನಿಮ್ಮ ಪಂಪಿಗೆ ಅರ್ತೂ ಇಲ್ಲ. ತರಗತಿ ನಿಲ್ಲಿಸಿ, ಮೇನ್ ಆಫ್ ಆದ ಫೋಟೋ ಹಾಕಿ.

ಮಂಗಳೂರಿನ ಸದಸ್ಯರು: ಆಫ್ ಮಾಡಿಸಿದೆ ಸರ್. ಗೇಟಿಗೂ ಬೀಗ ಹಾಕಿಸಿದ್ದೇನೆ.