ತಂಗಿಗೆ 19, ಐದು ತಿಂಗಳ ಬಸುರಿ, ರಕ್ತ 7.8: ಅನುಭವ ಇದ್ದವರು ಹೇಳಿ

ಜಗಳೂರಿನ ಅಕ್ಕ: ತಾಯಿ ಕಾರ್ಡಿನಲ್ಲಿ ತಂಗಿಯ ಹಿಮೋಗ್ಲೋಬಿನ್ 7.8 ಅಂತ ಬರೆದಿದ್ದಾರೆ. ಕಬ್ಬಿಣದ ಮಾತ್ರೆ ತಿಂದರೆ ವಾಂತಿ. ಅವಳ ಅತ್ತೆ ಬೇರೆ, ಮಗು ಕಪ್ಪಾಗುತ್ತೆ ಅಂತ ಮಾತ್ರೆ ಎತ್ತಿಡುತ್ತಾರೆ. ಹೆರಿಗೆಗೆ ದಾವಣಗೆರೆಯಲ್ಲಿ ಸರ್ಕಾರಿಯೋ ಪ್ರೈವೇಟೋ?

ಹರಿಹರದವಳು: ನನಗೂ ಆಗ 18. ಏಳನೇ ತಿಂಗಳಲ್ಲಿ ಕಾಲು ಊದಿ ಕಾಲುಂಗುರ ಬೆರಳಲ್ಲಿ ಹೂತುಹೋಯಿತು. ಅಕ್ಕಸಾಲಿಯನ್ನು ಕರೆಸಿ ಕತ್ತರಿಸಿದರು. ಬಸುರಿಗೆ ಊತ ಇದ್ದದ್ದೇ ಅಂದರು ಎಲ್ಲರೂ. ಆಮೇಲೆ ತಲೆನೋವು, ಕಣ್ಣು ಮಂಜು, ಬಿಪಿ 170/110. ಬಸುರಿಯಲ್ಲಿ ಬಿಪಿ ಏರಿ ಬರೋ ನಂಜು ಅದು. ಫಿಟ್ಸ್ ಬರದಿರಲಿ ಅಂತ ಮೆಗ್ನೀಷಿಯಂ ಸಲ್ಫೇಟ್ ಚುಚ್ಚಿದರು, ಸೊಂಟಕ್ಕೆ ಬೆಂಕಿ ಬಿದ್ದ ಹಾಗೆ ಉರಿ. ಮಗು 33 ವಾರಕ್ಕೇ ಬಂತು, 1.5 ಕೆ.ಜಿ. ಪ್ರೈವೇಟ್ ಎನ್‌ಐಸಿಯು, ಅಂದರೆ ಎಳೆಗೂಸುಗಳ ಐಸಿಯು, ದಿನಕ್ಕೆ 7,000. ಶ್ವಾಸಕೋಶ ಅರಳೋ ಔಷಧಿ ಒಂದು ಬಾಟಲಿಗೇ 14,000. ಒಟ್ಟು 2,12,000. ಆ ವರ್ಷದ ಮೆಕ್ಕೆಜೋಳದ ದುಡ್ಡೆಲ್ಲ ಹೋಯಿತು, ಸರ ಗಿರವಿಗೆ ಹೋಯಿತು. ಮಗ ಉಳಿದ. ಪ್ರೈವೇಟಿಗೇ ಹೋಗಿ.

ಚನ್ನಗಿರಿ ಅಡಿಕೆ: ಸುಮ್ನೆ ಹೆದರಿಸಬೇಡಿ. ನನ್ನ ಹೆಂಡತಿಗೂ 19, ರಕ್ತ 7.2. ಸರ್ಕಾರಿಯಲ್ಲಿ ಐರನ್ ಸುಕ್ರೋಸ್ ಅಂತ ಕಬ್ಬಿಣದ ಡ್ರಿಪ್ ಹಾಕಿದರು. ಸಿಸೇರಿಯನ್, ರಕ್ತ, ಊಟ ಎಲ್ಲ ಪುಕ್ಕಟೆ. ಮಗು 1.9. ಅವಳಿಗೆ ಏಳೋಕಾಗದ ಕಾರಣ ಕಾಂಗರೂ ಆರೈಕೆಗೆ ನಾನೇ ಕೂತೆ. ಮಗುವಿನ ಮೈಮೇಲೆ ಟೋಪಿ, ಕಾಲುಚೀಲ, ಡೈಪರ್ ಅಷ್ಟೇ. ನನ್ನ ಬರಿ ಎದೆಗೆ ಕಟ್ಟಿ ಮೇಲೆ ಬಟ್ಟೆ ಹೊದಿಸಿದರು. ಪಕ್ಕದ ಹೆಂಗಸರು ಬಾಯಿಗೆ ಸೆರಗು ಇಟ್ಟುಕೊಂಡು ನಕ್ಕರು. ನಗಲಿ. ಗಂಡು ಮಗು ಅಂತ ಆಯಾ 500 ಕಿತ್ತಳು, ವಾರ್ಡಿನವನು 300. ಅದೊಂದು ಇವತ್ತಿಗೂ ಉರಿಯುತ್ತದೆ. ಎರಡು ಲಕ್ಷ ಸುರಿದು ಮೇಲಿಂದ ಸಲಹೆ ಬೇರೆ!

ಹರಿಹರದವಳು: ಶೋಕಿಗೆ ಸುರಿದದ್ದಲ್ಲ ಸ್ವಾಮಿ. ಮೊದಲು ಹೋದ ಕಡೆ ಬೆಡ್ ಇಲ್ಲ ಅಂದರು. ನಿಮಗೆ ಸಿಕ್ಕಿತು, ಮಾತಾಡುತ್ತೀರಿ.

ಹಿರಿಯೂರು ಅಜ್ಜಿ: ನಾನು 16ಕ್ಕೆ ಹೆತ್ತವಳು. ಬೆಳಿಗ್ಗೆ ಶೇಂಗಾ ಕಿತ್ತು ಬಂದು ರಾತ್ರಿ ಹೆತ್ತೆ. ಬಿಪಿನೂ ಇಲ್ಲ ಗಿಪಿನೂ ಇಲ್ಲ.

ಚಳ್ಳಕೆರೆ ಆಶಾ: ಅಜ್ಜೀ, ನಿಮ್ಮ ವಾರಗೆಯಲ್ಲಿ ಬಾಣಂತನದಲ್ಲೇ ಹೋದವರು ಯಾರೂ ಇಲ್ವಾ? 20 ತುಂಬದವರಿಗೆ ನಂಜು, ಹೆರಿಗೆ ನಂತರದ ಸೋಂಕು ಜಾಸ್ತಿ. ಮಗು ದಿನ ತುಂಬದೆ, 2.5 ಕೆ.ಜಿ. ಒಳಗೆ ಹುಟ್ಟುವುದೂ ಜಾಸ್ತಿ. ಅಕ್ಕಾ, ಮಾತ್ರೆಗೆ ಕಪ್ಪಾಗುವುದು ಮಲ, ಮಗು ಅಲ್ಲ. ರಾತ್ರಿ ಊಟ ಆದ ಮೇಲೆ ಕೊಡಿ. ಟೀ ಜೊತೆ ಬೇಡ, ಕ್ಯಾಲ್ಸಿಯಂ ಮಾತ್ರೆ ಜೊತೆಗೂ ಬೇಡ. ಆಗಲೂ ವಾಂತಿಯಾದರೆ ಡ್ರಿಪ್ ಬಗ್ಗೆ ಡಾಕ್ಟರನ್ನೇ ಕೇಳಿ, ಕಾಯಬೇಡಿ.

ಹೊಸದುರ್ಗದವನು: ಡಾಕ್ಟರ್ ಹತ್ತಿರ ಹೋಗೋಕೆ ಬಿಟ್ಟರೆ ತಾನೇ? ನಮ್ಮ ಸಂಬಂಧಿಕರ ಹುಡುಗಿಗೆ 17, ಮದುವೆ ಮಾಡಿಬಿಟ್ಟಿದ್ದರು. ಪೋಕ್ಸೊ (ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಕಾನೂನು) ಕೇಸಾಗುತ್ತೆ ಅಂತ ಎಲ್ಲೂ ತೋರಿಸಲೇ ಇಲ್ಲ. ಎರಡು ದಿನ ನೋವು ತಿಂದಳು, ಮಗು ಸಿಕ್ಕಿಕೊಂಡು ಹೊಟ್ಟೆಯಲ್ಲೇ ಹೋಯಿತು. ಕೊನೆಗೆ ಕೇಸೂ ಆಯಿತು. ಆ ಕಾನೂನಿಂದಲೇ ಎಲ್ಲ.

ಚಳ್ಳಕೆರೆ ಆಶಾ: ಕಾನೂನಿಂದಲ್ಲ, ಮದುವೆಯಿಂದ. 18ರೊಳಗಿನ ಬಸುರಿ ಬಂದರೆ ಆಸ್ಪತ್ರೆ ಪೊಲೀಸರಿಗೆ ತಿಳಿಸಲೇಬೇಕು. ಹಾಗಂತ ಚಿಕಿತ್ಸೆ ಕೊಡಲ್ಲ ಅನ್ನುವ ಹಾಗಿಲ್ಲ. ಹೋಳಿಗೆ ಉಂಡು ಬಂದವರು ಮಕ್ಕಳ ಸಹಾಯವಾಣಿ 1098ಕ್ಕೆ ಒಂದು ಫೋನ್ ಮಾಡಿದಿರಾ?

ಹೊಸದುರ್ಗದವನು: ಆ ಮದುವೆಗೆ ನಾನು ಹೋಗೇ ಇಲ್ಲ. ಗೊತ್ತಿಲ್ಲದೆ ಮಾತಾಡಬೇಡಿ.

ಜಗಳೂರಿನ ಅಕ್ಕ: ಮಾತ್ರೆ ವಿಷಯಕ್ಕೆ ಥ್ಯಾಂಕ್ಸ್. ರಾತ್ರಿ ನೋವು ಬಂದರೆ ಇಲ್ಲಿಂದ ಹೋಗುವುದು ಹೇಗೆ?

ಚನ್ನಗಿರಿ ಅಡಿಕೆ: 108. ಇನ್ನೇನು?

ಹರಿಹರದವಳು: ಕಾಯುವ ಧೈರ್ಯ ನಮ್ಮನೆಯವರಿಗಿರಲಿಲ್ಲ. ಓಮ್ನಿಗೆ 1,800 ಕೊಟ್ಟೆವು.

ಚನ್ನಗಿರಿ ಅಡಿಕೆ: ಹರಿಹರದಿಂದ ದಾವಣಗೆರೆಗೆ 1,800? ಅಷ್ಟರಲ್ಲಿ ಬೆಂಗಳೂರಿಗೆ ಬಸ್ಸಲ್ಲಿ ಹೋಗಿ ಬರಬಹುದಿತ್ತು.

ಹರಿಹರದವಳು: ಹೌದು, ಬಿಪಿ 170 ಇಟ್ಟುಕೊಂಡು ಬಸ್ ಸ್ಟ್ಯಾಂಡಿಗೆ ಹೋಗಬೇಕಿತ್ತು ಅಲ್ವಾ?