ಸೆರೆಸ್ ಗುಂಡಗಾಯಿತು, ಕುಳಿಗಳು ಮೊಟ್ಟೆಯಾದವು

ಪ್ರಶ್ನೆ (ಬಿಎಸ್ಸಿ ವಿದ್ಯಾರ್ಥಿ, ದಾವಣಗೆರೆ):
ಸರ್, ನಾಸಾದ ಡಾನ್ ನೌಕೆ ತೆಗೆದ ಸೆರೆಸ್ ಕುಬ್ಜ ಗ್ರಹದ ಫೋಟೋಗಳನ್ನು ಇಳಿಸಿಕೊಂಡು ಪ್ರೊಸೆಸ್ ಮಾಡುತ್ತಿದ್ದೇನೆ. ಮೇಲೆ ಕೆಳಗೆ ಒತ್ತಿದ ಹಾಗೆ ಕಾಣಿಸಿತು. ಲೆನ್ಸ್ ದೋಷ ಇರಬೇಕು ಅಂತ ಎಳೆದು ಗುಂಡಗೆ ಮಾಡಿದೆ. ಈಗ ನಡುವಿನ ಕುಳಿಗಳೆಲ್ಲ ಮೊಟ್ಟೆ ತರ ಉದ್ದವಾಗಿವೆ. ಎಲ್ಲಿ ತಪ್ಪಿದೆ?

ಉತ್ತರ (ಡ್ರೋನ್ ಸರ್ವೆ, ಮ್ಯಾಪಿಂಗ್ ಕೆಲಸ, ಚಿತ್ರದುರ್ಗ):
ಎಳೆದದ್ದೇ ತಪ್ಪಾಯಿತು ತಮ್ಮಾ. ಸೆರೆಸ್ ಇರುವುದೇ ಹಾಗೆ. ಸಮಭಾಜಕದಲ್ಲಿ ಅಡ್ಡಳತೆ ಸುಮಾರು 964 ಕಿ.ಮೀ., ಧ್ರುವದಿಂದ ಧ್ರುವಕ್ಕೆ 892. ಸುಮಾರು 9 ಗಂಟೆಗೊಂದು ಸುತ್ತು ತಿರುಗುತ್ತದೆ, ಅದಕ್ಕೇ ಹೊಟ್ಟೆ ಉಬ್ಬಿದೆ. ಮೂಲ ಫೋಟೋ ಅಳೆದು ನೋಡು. ಸಮಭಾಜಕದ ನೇರಕ್ಕೆ ನಿಂತು ತೆಗೆದದ್ದಾದರೆ 600 ಪಿಕ್ಸೆಲ್ ಅಗಲಕ್ಕೆ 555 ಎತ್ತರ ಬರಬೇಕು. ಧ್ರುವದ ಮೇಲಿಂದ ತೆಗೆದದ್ದು ಗುಂಡಗೇ ಕಾಣುತ್ತದೆ, ಅದನ್ನು ಅಳೆದು ಗಾಬರಿಯಾಗಬೇಡ.

ವಿದ್ಯಾರ್ಥಿ:
ಅಳೆದೆ ಸರ್, 612ಕ್ಕೆ 566! ಆದರೆ ಬಣ್ಣ ಸೇರಿಸಿದಾಗ ಅಂಚಿನ ಕುಳಿಗಳಿಗೆ ಕೆಂಪು, ನೀಲಿ ಗೆರೆ ಬರುತ್ತಿದೆ. ಚಿತ್ರ ಸರಿಸಿ ನಡುಭಾಗ ಕೂರಿಸಿದೆ, ಅಂಚು ಕೂರುತ್ತಿಲ್ಲ.

ಉತ್ತರ:
ಕೂರುವುದೂ ಇಲ್ಲ. ಡಾನ್ ಕ್ಯಾಮೆರಾದ್ದು ಒಂದೇ ಕಪ್ಪು-ಬಿಳುಪು ಚಿಪ್, ಮುಂದೆ ಫಿಲ್ಟರ್ ಚಕ್ರ. ಬಣ್ಣದ ಫಿಲ್ಟರ್ 7, ಬಣ್ಣವಿಲ್ಲದ್ದು 1. ಒಂದಾದ ಮೇಲೊಂದು ಫೋಟೋ ತೆಗೆಯುವಷ್ಟರಲ್ಲಿ ನೌಕೆ ಮುಂದೆ ಹೋಗಿರುತ್ತದೆ, ಸೆರೆಸ್ ತಿರುಗಿರುತ್ತದೆ. ನೋಡುವ ಕೋನವೇ ಬೇರೆಯಾಯಿತಲ್ವಾ?

ಚನ್ನಗಿರಿ ಕಡೆ ಅಡಿಕೆ ತೋಟದ ಸರ್ವೆಯಲ್ಲಿ ನನಗೂ ಇದೇ ಗೋಳು. ಫೋಟೋ ನಡುವಿನ ಮರದ ತಲೆ ಮಾತ್ರ ಕಾಣುತ್ತದೆ, ಅಂಚಿನ ಮರ ಕಾಂಡದ ಸಮೇತ ಹೊರಕ್ಕೆ ವಾಲಿರುತ್ತದೆ. ಎರಡು ಫೋಟೋ ಒಂದರ ಮೇಲೊಂದು ಇಟ್ಟರೆ ನೆಲ ಹೊಂದುತ್ತದೆ, ಮರದ ತಲೆಗಳು ಹೊಂದುವುದಿಲ್ಲ. ಸುಮ್ನೆ ಸರಿಸಿದರೆ ಆಗದು, ಎತ್ತರದ ಲೆಕ್ಕ ಕೊಡಬೇಕು.

ನೀನೂ ಒಂದೊಂದು ಬಣ್ಣದ ಚಿತ್ರವನ್ನು ಸೆರೆಸ್‌ನ ಆಕಾರದ ಮಾದರಿ ಮೇಲೆ ಹೊದಿಸಿ ನಕ್ಷೆ ಮಾಡಿಕೋ, ಆಮೇಲೆ ಸೇರಿಸು. ಅದಕ್ಕೆ ಅಮೆರಿಕದ ಭೂವಿಜ್ಞಾನ ಸರ್ವೆ ಸಂಸ್ಥೆ ಯುಎಸ್‌ಜಿಎಸ್‌ನವರ ಐಸಿಸ್ ಸಾಫ್ಟ್‌ವೇರ್ ಇದೆ, ಉಚಿತ, ಕಲಿಯುವುದು ಸ್ವಲ್ಪ ತಲೆನೋವು. ಅಲ್ಲಿ ಮಾತ್ರ ಸೆರೆಸ್ ಗೋಳ ಅಂತ ಕೊಡಬೇಡ, ಮತ್ತೆ ಅದೇ ಕಥೆ.

ಇನ್ನೊಬ್ಬರು (ಹೈಸ್ಕೂಲ್ ಮೇಷ್ಟ್ರು, ಹೊಳಲ್ಕೆರೆ):
ಪ್ಲೂಟೋ ಕೂಡ ಹೀಗೇನಾ ಸರ್?

ಉತ್ತರ:
ಇಲ್ಲ ಮೇಷ್ಟ್ರೇ. ಒಂದು ಸುತ್ತಿಗೆ 6.4 ದಿನ ಬೇಕು ಅದಕ್ಕೆ. ಅಡ್ಡಳತೆ ಸುಮಾರು 2377 ಕಿ.ಮೀ., ಚಪ್ಪಟೆತನ ನಾಸಾದ ನ್ಯೂ ಹೊರೈಜನ್ಸ್ ನೌಕೆಯ ಫೋಟೋಗಳಲ್ಲಿ ಅಳತೆಗೇ ಸಿಕ್ಕಿಲ್ಲ. ಹುಡುಗರಿಗೆ ತೋರಿಸುವುದಾದರೆ 2015ರ ಜುಲೈ 14ಕ್ಕೆ ನೌಕೆ ಹಾದುಹೋಗುವ ಮುಂಚಿನ ಫೋಟೋ ತಗೊಳ್ಳಿ. ಆಮೇಲಿನದ್ದರಲ್ಲಿ ಬರೀ ಬಿದಿಗೆ ಚಂದ್ರನಂಥ ಗೆರೆ, ಅಳೆಯೋಕೆ ಬರುವುದಿಲ್ಲ.